ಹುಡುಗರು ಯಾಕೆ ನಿಲ್ಲುವುದಿಲ್ಲ? ಕಲಬುರಗಿಯಲ್ಲಿ ಕೆಲಸ, ಪಗಾರ ಮತ್ತು ಕಾಯುವ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ಯಾವ ಅಂಗಡಿಯವರನ್ನು, ಶೋರೂಮಿನವರನ್ನು ಮಾತಾಡಿಸಿದರೂ ಒಂದು ದೂರು ಗ್ಯಾರಂಟಿ. "ಹುಡುಗರು ನಿಂದ್ರೋದೇ ಇಲ್ರೀ. ಮೂರ್ ತಿಂಗಳು ಕಲಸ್ತೀವಿ, ನಾಕನೇ ತಿಂಗಳಿಗೆ ಫೋನ್ ಸ್ವಿಚ್ ಆಫ್." ಬೀದರಿನ ಖಾಸಗಿ ಶಾಲೆಯವರೂ ಇದನ್ನೇ ಹೇಳುತ್ತಾರೆ, ಯಾದಗಿರಿಯ ನರ್ಸಿಂಗ್ ಹೋಮಿನವರೂ ಇದನ್ನೇ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರವೂ ಸಿದ್ಧ ಇರುತ್ತದೆ. ಈಗಿನವರಿಗೆ ತಾಳ್ಮೆ ಇಲ್ಲ, ಮೊಬೈಲು ಕೆಡಿಸಿದೆ.

ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಇದೇ ಹುಡುಗರು, ಹುಡುಗಿಯರು ಒಂದು ಪರೀಕ್ಷೆಗಾಗಿ ನಾಲ್ಕೈದು ವರ್ಷ ಕೂತು ಓದುತ್ತಾರೆ. ತಿಂಗಳ ಬಾಡಿಗೆ ಕಟ್ಟಿ ಸ್ಟಡಿ ಸೆಂಟರಿನಲ್ಲಿ ಒಂದು ಕುರ್ಚಿ ಹಿಡಿಯುತ್ತಾರೆ, ಬೆಳಿಗ್ಗೆ ಆರಕ್ಕೆ ಹೋದವರು ರಾತ್ರಿ ಹತ್ತಕ್ಕೆ ಏಳುತ್ತಾರೆ. ತಾಳ್ಮೆ ಇಲ್ಲದವರು ಮಾಡುವ ಕೆಲಸವೇ ಇದು? ತಾಳ್ಮೆ ಬೇಕಾದಷ್ಟಿದೆ. ಅದನ್ನು ಎಲ್ಲಿ ಹಾಕಿದರೆ ಫಲ ಸಿಗುತ್ತದೆ ಎಂಬ ಲೆಕ್ಕವೂ ಅವರಿಗೆ ಚೆನ್ನಾಗಿ ಗೊತ್ತಿದೆ. ಶೋರೂಮಿನ ಕೌಂಟರು ಆ ಲೆಕ್ಕದಲ್ಲಿ ಸೋಲುತ್ತಿದೆ, ಅಷ್ಟೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೆಲಸ ಬಿಡುವುದು ನಮ್ಮ ಭಾಗದ ಹುಡುಗರ ಕಾಯಿಲೆಯೇನಲ್ಲ. 2024ರ ಡಿಸೆಂಬರಿನಲ್ಲಿ ಬಂದ ರಿಸರ್ವ್ ಬ್ಯಾಂಕಿನ ವಾರ್ಷಿಕ ಬ್ಯಾಂಕಿಂಗ್ ವರದಿಯಲ್ಲಿ, ಆಯ್ದ ಖಾಸಗಿ ಬ್ಯಾಂಕು ಮತ್ತು ಸಣ್ಣ ಹಣಕಾಸು ಬ್ಯಾಂಕುಗಳಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಸರಾಸರಿ ಶೇ 25ರ ಆಸುಪಾಸಿನಲ್ಲಿದೆ ಎಂಬ ಮಾತಿದೆ. ಅಂದರೆ ಲೆಕ್ಕಕ್ಕೆ ವರ್ಷಕ್ಕೆ ನಾಲ್ವರಲ್ಲಿ ಒಬ್ಬರು. ಎಸಿ ಆಫೀಸು, ಕೊರಳಲ್ಲಿ ಐಡಿ ಕಾರ್ಡು, ಪಿಎಫ್ ಎಲ್ಲ ಇರುವ ಕಡೆಯೇ ಹೀಗಿರುವಾಗ ಗಂಜ್ ರಸ್ತೆಯ ಅಂಗಡಿಯಲ್ಲಿ ಹುಡುಗ ನಿಲ್ಲಲಿಲ್ಲ ಎಂದು ಬೆರಗಾಗುವುದೇನಿದೆ?

ಜೇಮ್ಸ್ ಮಾರ್ಚ್, ಹರ್ಬರ್ಟ್ ಸೈಮನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1958ರಲ್ಲೇ ಈ ವಿಷಯವನ್ನು ಎರಡು ಪ್ರಶ್ನೆಗಳಾಗಿ ಒಡೆದಿದ್ದರು. ಬಿಡಬೇಕು ಅನಿಸುತ್ತದಾ? ಬಿಡಲು ಆಗುತ್ತದಾ? ಬೆಂಗಳೂರಿನಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಸುಲಭ. ಪಕ್ಕದ ಬಿಲ್ಡಿಂಗಿನಲ್ಲೇ ಇನ್ನೊಂದು ಕಂಪನಿ ಇರುತ್ತದೆ. ಕಲಬುರಗಿಯಲ್ಲಿ ಹಾಗಿಲ್ಲ. ಇಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ವಾಡಿ, ಸೇಡಂ, ಮಳಖೇಡ ಕಡೆ. ಆಸ್ಪತ್ರೆ, ಕಾಲೇಜುಗಳಿವೆ. ತೊಗರಿ ಬೇಳೆ ಮಿಲ್ಲುಗಳಿವೆ, ಅಡತಿ ಅಂಗಡಿಗಳಿವೆ. ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ, ಬೀದರಿನ ಕೊಳ್ಹಾರದಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಆದರೆ ಒಂದು ಬಿಟ್ಟು ಇನ್ನೊಂದಕ್ಕೆ ಹಾರುವಷ್ಟು ಕಂಪನಿಗಳಿಲ್ಲ. ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ತಲಾ ಆದಾಯದ ಪಟ್ಟಿ ತೆಗೆದರೆ ಈ ಮೂರೂ ಜಿಲ್ಲೆಗಳು ತಳದ ಸಾಲಿನಲ್ಲೇ ಕಾಣುತ್ತವೆ. ಬೇರೆ ಕೆಲಸ ಇಷ್ಟು ಕಡಿಮೆ ಇದ್ದಾಗ, ಆ ಇಬ್ಬರು ವಿದ್ವಾಂಸರ ಲೆಕ್ಕದ ಪ್ರಕಾರ, ಜನ ಇದ್ದ ಕೆಲಸವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳುತ್ತಿಲ್ಲ. ಯಾಕೆ?

ಯಾಕೆಂದರೆ ಇಲ್ಲಿ ಪೈಪೋಟಿ ಇರುವುದು ಪಕ್ಕದ ಕಂಪನಿ ಜೊತೆ ಅಲ್ಲ, ಸರ್ಕಾರಿ ನೌಕರಿ ಜೊತೆ.

ಸರ್ಕಾರಿ ನೌಕರಿಯ ಆಸೆ ರಾಜ್ಯದ ಎಲ್ಲ ಕಡೆಯೂ ಇದೆ. ಆದರೆ ಇಲ್ಲಿ ಅದಕ್ಕೆ ಗಟ್ಟಿ ಆಧಾರವೂ ಇದೆ. ಸಂವಿಧಾನಕ್ಕೆ 371(ಜೆ) ಕಲಂ ಸೇರಿದ ಮೇಲೆ, 2013ರಿಂದ, ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಳೀಯ ವೃಂದದ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85ರವರೆಗೆ ಇಲ್ಲಿಯವರಿಗೇ ಮೀಸಲು. ಈ ಭಾಗದ ಹೊರಗಿನ ರಾಜ್ಯಮಟ್ಟದ ಕಚೇರಿಗಳಲ್ಲೂ ಶೇ 8 ಇದೆ. ಈ ಮೀಸಲಿಗೆ ಬೇಕಾದ ಅರ್ಹತಾ ಪತ್ರ ಕೈಯಲ್ಲಿರುವ ಚಿತ್ತಾಪುರದ ಡಿಗ್ರಿ ಹುಡುಗನಿಗೆ ಪಿಡಿಒ, ಎಫ್‌ಡಿಎ, ಪೊಲೀಸ್, ಶಿಕ್ಷಕ ಹುದ್ದೆ ಯಾವುದೂ ದೂರದ ಕನಸಲ್ಲ. ಅವನ ಊರಲ್ಲೇ, ಅವನಿಗಿಂತ ಎರಡು ವರ್ಷ ಮುಂದೆ ಓದಿದವನಿಗೆ ಸಿಕ್ಕಿದೆ. ಅಂಥವನ ಮನೆಗೆ ಸ್ಲ್ಯಾಬ್ ಹಾಕಿಸಿದ್ದನ್ನು ಇವನು ಕಣ್ಣಾರೆ ನೋಡಿದ್ದಾನೆ. ಹಾಗಾಗಿ ಓದುತ್ತಾ ಕಾಯುವುದು ಭ್ರಮೆಯಲ್ಲ, ತೂಗಿ ನೋಡಿ ಮಾಡಿದ ತೀರ್ಮಾನ.

ತೊಂದರೆ ಇರುವುದು ಕಾಯುವ ಅವಧಿಯಲ್ಲಿ. ಅದು ಎಷ್ಟು ಉದ್ದ ಅಂತ ಯಾರೂ ಹೇಳುವುದಿಲ್ಲ. 545 ಪಿಎಸ್‌ಐ ಹುದ್ದೆಗಳ ಕಥೆ ನೆನಪಿರಬೇಕಲ್ವಾ? 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮದ ಮೊದಲ ಎಳೆ ಸಿಕ್ಕಿದ್ದೇ ನಮ್ಮ ಕಲಬುರಗಿಯ ಕೇಂದ್ರವೊಂದರಲ್ಲಿ. 2022ರ ಏಪ್ರಿಲಿನಲ್ಲಿ ಇಡೀ ಪರೀಕ್ಷೆ ರದ್ದು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಬರೆದವನೂ ಎರಡು ವರ್ಷಕ್ಕಿಂತ ಜಾಸ್ತಿ ಕಳೆದುಕೊಂಡ. ಈ ನಡುವೆ 2023ರ ಅಕ್ಟೋಬರಿನಲ್ಲಿ ನಿಗಮ ಮಂಡಳಿಗಳ ಪರೀಕ್ಷೆಯಲ್ಲಿ ಬ್ಲೂಟೂತ್ ಹಗರಣ, ಅದೂ ಕಲಬುರಗಿ, ಯಾದಗಿರಿ ಕೇಂದ್ರಗಳಲ್ಲೇ. ಆಮೇಲೆ 2024ರ ಕೊನೆಯ ಹೊತ್ತಿಗೆ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸರ್ಕಾರವೇ ತಡೆ ಹಿಡಿಯಿತು. ಒಳಮೀಸಲಾತಿ ಬೇಡಿಕೆ ನ್ಯಾಯವಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ರೂಮು ಮಾಡಿಕೊಂಡು ಓದುತ್ತಿದ್ದವರ ತಿಂಗಳ ಖರ್ಚಿನ ಬಗ್ಗೆ.

ಅಪ್ಪ ಎಷ್ಟು ದಿನ ಅಂತ ರೊಕ್ಕ ಕಳಿಸಿಯಾನು? ಆಗ ಹುಡುಗ ಒಂದು ಖಾಸಗಿ ಕೆಲಸಕ್ಕೆ ಸೇರುತ್ತಾನೆ. ಸೇರುವುದೇ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ. ಕಣ್ಣೆಲ್ಲ ಬರುವ ಬಸ್ಸಿನ ಬೋರ್ಡಿನ ಮೇಲೆ. ಅಧಿಸೂಚನೆ ಬಂತೋ, ಪರೀಕ್ಷೆಗೆ ಮೂರು ತಿಂಗಳು ಮುಂಚೆ ಕೆಲಸ ಬಿಡುತ್ತಾನೆ. ಪರೀಕ್ಷೆ ಮುಂದಕ್ಕೆ ಹೋಯಿತೋ, ಇನ್ನೊಂದು ಕೆಲಸ ಹುಡುಕುತ್ತಾನೆ. ಹೊರಗಿನಿಂದ ನೋಡುವವರಿಗೆ ಇವನು ಎಲ್ಲೂ ನಿಲ್ಲದವನು. ಅವನ ಪ್ರಕಾರ ಅವನು ಐದು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದಾನೆ.

ಮನೆಯವರೂ ಇದಕ್ಕೆ ಕೈ ಜೋಡಿಸುತ್ತಾರೆ. ಮದುವೆ ಮನೆಯಲ್ಲಿ ಮಾಮಾ ಸಿಕ್ಕರೆ ಮೊದಲ ಪ್ರಶ್ನೆ, "ಏನ್ ಮಾಡ್ಲಾಕತ್ತಿ ತಮ್ಮಾ ಈಗ?" ಬೈಕ್ ಶೋರೂಮಿನಲ್ಲಿ ಅಕೌಂಟ್ಸ್ ನೋಡ್ತೀನಿ ಅಂದರೆ ಎರಡನೇ ಪ್ರಶ್ನೆ, "ಅದು ಖರೆ, ನೌಕರಿಗಿ ಏನರ ತುಂಬಿಯೋ ಇಲ್ಲೋ?" ಕನ್ಯೆ ಕೇಳಲು ಹೋದಾಗಲೂ ಅಷ್ಟೇ. ಹೆಣ್ಣಿನ ಕಡೆಯವರು ಪಗಾರ ಎಷ್ಟು ಅಂತ ಕೇಳುವುದಕ್ಕಿಂತ ಮೊದಲು ಕಾಯಂ ಆಗಿದೆಯಾ ಅಂತ ಕೇಳುತ್ತಾರೆ. ಶೋರೂಮಿನಲ್ಲಿ ಹದಿನೆಂಟು ಸಾವಿರ ಎಣಿಸುತ್ತಿದ್ದವನು ಅದನ್ನು ಬಿಟ್ಟು, ತಹಶೀಲ್ ಕಚೇರಿಯಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿಗೆ ಅದಕ್ಕಿಂತ ಕಡಿಮೆಗೆ ಹೋಗುವುದುಂಟು. ಆ ಕೆಲಸ ಕಾಯಂ ಅಲ್ಲ, ಏಜೆನ್ಸಿ ಬದಲಾದರೆ ಅದೂ ಇಲ್ಲ. ಆದರೂ ಹೋಗುತ್ತಾನೆ. ಬರೀ ಪಗಾರದ ಮೇಲೆ ಲೆಕ್ಕ ಹಾಕುವವರಿಗೆ ಇದು ಅರ್ಥವಾಗುವುದಿಲ್ಲ.

ಇನ್ನು ಮಾಲೀಕರ ಕಡೆ ನೋಡೋಣ. ಹುಡುಗ ಹೋಗುವವನೇ ಅಂತ ಅವರಿಗೂ ಮೊದಲ ದಿನದಿಂದ ಗೊತ್ತು. ಹಾಗಾಗಿ ನೇಮಕಾತಿ ಪತ್ರ ಕೊಡುವುದಿಲ್ಲ. "ಆರು ತಿಂಗಳು ನೋಡೋಣ." ಇಂಕ್ರಿಮೆಂಟ್ ಯಾವಾಗ ಅಂದರೆ "ದೀಪಾವಳಿ ಆಗ್ಲಿ." ದೀಪಾವಳಿ ಆದ ಮೇಲೆ "ಮಾರ್ಚ್ ಮುಗೀಲಿ." ಹೊಸ ಸಾಫ್ಟ್‌ವೇರ್ ಕಲಿಸುವುದಿಲ್ಲ, ಕಲಿತು ಬೇರೆ ಕಡೆ ಹೋದರೆ? ಹೊಣೆಯ ಕೆಲಸ ಕೊಡುವುದಿಲ್ಲ, ಅದೆಲ್ಲ ಅಳಿಯನಿಗೋ ಅಣ್ಣನ ಮಗನಿಗೋ. ಎರಡು ವರ್ಷ ದುಡಿದ ಮೇಲೆ ಹುಡುಗ ತಿರುಗಿ ನೋಡಿದರೆ ಸೇರಿದ ದಿನ ಎಲ್ಲಿದ್ದನೋ ಅಲ್ಲೇ ಇದ್ದಾನೆ. ಆಗ ಹೋಗುತ್ತಾನೆ. ಮಾಲೀಕರು, "ನಾ ಹೇಳಲಿಲ್ಲೇನ್ರೀ?" ಅನ್ನುತ್ತಾರೆ.

ನನ್ನ ತೀರ್ಮಾನ ಇರುವುದು ಇಲ್ಲೇ. ಹುಡುಗ ಉಳಿಯುವುದಿಲ್ಲ ಎಂದುಕೊಂಡು ಮಾಡಿದ ಏರ್ಪಾಟಿನಲ್ಲಿ ಯಾವ ಹುಡುಗನೂ ಉಳಿಯುವುದಿಲ್ಲ. ಪರೀಕ್ಷೆಯ ಆಸೆ ಬಿಟ್ಟವನೂ ಉಳಿಯುವುದಿಲ್ಲ. ಗಮನಿಸಬೇಕಾದವನು ಅವನು. ಮೂವತ್ತು ದಾಟಿ, ಇನ್ನು ಸಾಕು, ಇಲ್ಲೇ ನೆಲೆ ನಿಲ್ಲೋಣ ಅಂದುಕೊಂಡವನಿಗೂ ಅದೇ "ನೋಡೋಣ" ಸಿಗುತ್ತದೆ.

ಕೆಲವರು ಹುಡುಗರನ್ನು ಹಿಡಿದಿಡಲು ಬೇರೆ ದಾರಿ ಹಿಡಿಯುತ್ತಾರೆ. ಕೆಲವು ಖಾಸಗಿ ಶಾಲೆ, ಕಾಲೇಜುಗಳು ಸೇರುವಾಗಲೇ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತವೆ. ನಡುವೆ ಬಿಟ್ಟರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ಬೇಸಿಗೆ ರಜೆಯ ಪಗಾರ ಮಾತ್ರ ಇಲ್ಲ. ವರ್ಷಕ್ಕೆ ಹತ್ತು ತಿಂಗಳ ಪಗಾರ, ಹನ್ನೆರಡು ತಿಂಗಳ ಕಟ್ಟುಪಾಡು. ಇಂಥವರು ಈಗೀಗ ಸುಪ್ರೀಂ ಕೋರ್ಟಿನ ಹೆಸರನ್ನೂ ಹೇಳುವುದುಂಟು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ಮುಗಿಯುವ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಕೋರ್ಟು ಎತ್ತಿಹಿಡಿದದ್ದು ನಿಜ. ಆದರೆ ಅದು ಬಹಿರಂಗ ಜಾಹೀರಾತು, ಆಯ್ಕೆ ಪ್ರಕ್ರಿಯೆ ಎಂದು ಖರ್ಚು ಮಾಡಿ ನೇಮಕ ಮಾಡುವ ಸರ್ಕಾರಿ ಬ್ಯಾಂಕು, ಒಳ್ಳೆಯ ಪಗಾರದ ಅಧಿಕಾರಿ ಹುದ್ದೆ. ಷರತ್ತು ಬರವಣಿಗೆಯಲ್ಲಿತ್ತು. ನೇಮಕಾತಿ ಪತ್ರವನ್ನೇ ಕೊಡದ ಶಾಲೆ ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಳ್ಳುವುದಕ್ಕೆ ಆ ತೀರ್ಪು ರಕ್ಷಣೆಯಾಗುತ್ತದೆ ಎಂದುಕೊಂಡರೆ ಅದು ಅವರ ಭಂಡತನ.

ಈಗ ಪಗಾರಕ್ಕೆ ಬರೋಣ. ಸಂದರ್ಶನದಲ್ಲಿ "ಇಪ್ಪತ್ತು ಸಾವಿರದ ಮೇಲೆ ಪ್ಯಾಕೇಜ್" ಅಂತ ಹೇಳುತ್ತಾರೆ. ಹುಡುಗ ಮನೆಗೆ ಫೋನ್ ಮಾಡಿ ಅವ್ವನಿಗೆ ಇಪ್ಪತ್ತು ಸಾವಿರ ಅಂತಲೇ ಹೇಳುತ್ತಾನೆ. ಮೊದಲ ತಿಂಗಳು ಖಾತೆಗೆ ಬರುವುದು ಹದಿನಾರು ಸಾವಿರ ಚಿಲ್ಲರೆ. ಎಲ್ಲಿ ಹೋಯಿತು? ಒಂದು ಉದಾಹರಣೆ ಬಿಡಿಸಿ ನೋಡಬಹುದು. ಮೂಲ ವೇತನ 12,000, ಭತ್ಯೆ 6,000, ಒಟ್ಟು 18,000 ಅಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಶೇ 12ರಂತೆ 1,440. ಕಂಪನಿ ಕಟ್ಟುವ ಇಎಸ್ಐ, ಅಂದರೆ ನೌಕರರ ವಿಮೆ, ಶೇ 3.25ರಂತೆ 585. ಗ್ರಾಚ್ಯುಟಿಗೆಂದು, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡುಗಂಟಿಗೆಂದು, ತೆಗೆದಿಡುವ 577. ಎಲ್ಲ ಕೂಡಿಸಿ 20,602, ಇದು ಪ್ಯಾಕೇಜ್. ಇನ್ನು 18,000ದಲ್ಲಿ ಹುಡುಗನ ಪಾಲಿನ ಪಿಎಫ್ 1,440, ಇಎಸ್ಐ ಶೇ 0.75ರಂತೆ 135 ಕಳೆದರೆ ಕೈಗೆ 16,425. ಮೋಸ ಏನೂ ಆಗಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಆದರೆ ಇದನ್ನು ಸೇರುವ ಮುಂಚೆ ಯಾರೂ ಹೀಗೆ ಬಿಡಿಸಿ ಹೇಳಿರುವುದಿಲ್ಲ. ಮೊದಲ ತಿಂಗಳೇ ಹುಡುಗನಿಗೆ ತನ್ನನ್ನು ಯಾಮಾರಿಸಿದರು ಅನಿಸಿಬಿಡುತ್ತದೆ.

ಆ 577 ರೂಪಾಯಿಯ ಕಥೆ ಇನ್ನೂ ಮಜಾ ಇದೆ. ಗ್ರಾಚ್ಯುಟಿ ಸಿಗಬೇಕಾದರೆ ಕಾಯಂ ನೌಕರ ಐದು ವರ್ಷ ಮುಗಿಸಬೇಕು. ಎರಡೇ ವರ್ಷಕ್ಕೆ ಬಿಡುವವನಿಗೆ ಅದು ಬರುವುದೇ ಇಲ್ಲ. ಬಾರದ ದುಡ್ಡನ್ನೂ ಸೇರಿಸಿ ಪ್ಯಾಕೇಜ್ ಅಂತ ತೋರಿಸಿರುತ್ತಾರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿಯ ಹಕ್ಕು ಇದೆ. ನೇಮಕಾತಿ ಪತ್ರ ಕೊಡಲೇಬೇಕು ಎಂಬುದೂ ಇದೆ. ಇವೆರಡೂ ನಮ್ಮ ಭಾಗದ ಹುಡುಗರಿಗೆ ನೇರವಾಗಿ ತಟ್ಟುವ ವಿಷಯಗಳು. ಹತ್ತು ಜನ ಕೆಲಸ ಮಾಡುವ ಅಂಗಡಿಗೆ ಹೋಗಿ ಕೇಳಿದರೆ ಈ ಸುದ್ದಿ ತಲುಪಿಯೇ ಇಲ್ಲ ಎಂಬುದು ಬೇರೆ ಮಾತು.

ಪಗಾರಕ್ಕಿಂತ ಬೇಗ ಮನಸ್ಸು ಮುರಿಯುವ ಒಂದು ಕೆಲಸ ಇದೆ, ಕಿರುಸಾಲದ ಫೀಲ್ಡ್ ಆಫೀಸರ್. ಡಿಗ್ರಿ ಮುಗಿಸಿ, ಸ್ವಂತ ಬೈಕು, ಲೈಸೆನ್ಸ್ ಇದ್ದರೆ ನಮ್ಮ ಕಡೆ ಸುಲಭವಾಗಿ ಸಿಗುವ ಕೆಲಸ ಇದು. ಬ್ರಾಂಚಿನ ಮೇಲಿನ ಕೋಣೆಯಲ್ಲೇ ನಾಲ್ಕೈದು ಹುಡುಗರ ವಾಸ. ಬೆಳಿಗ್ಗೆ ಏಳಕ್ಕೆ ಹಳ್ಳಿಯಲ್ಲಿ ಸಂಘದ ಮೀಟಿಂಗ್, ಯಾಕೆಂದರೆ ಎಂಟರ ಮೇಲೆ ಹೆಣ್ಣುಮಕ್ಕಳು ಹೊಲಕ್ಕೆ ಹೋಗುತ್ತಾರೆ. ಯಾರದೋ ಅಂಗಳದಲ್ಲಿ ಚಾಪೆ, ಕೈಯಲ್ಲಿ ಟ್ಯಾಬ್. ಒಬ್ಬಾಕೆಯ ಕಂತು ಬಂದಿಲ್ಲ. ಉಳಿದವರು ಕೂಡಿಸಿ ತುಂಬುವವರೆಗೆ ಅವನು ಎದ್ದು ಹೋಗುವಂತಿಲ್ಲ, ಎದ್ದರೆ ಬ್ರಾಂಚಿನಿಂದ ಫೋನು. ಆ ಅಂಗಳದಲ್ಲಿ ಕೂತವರೆಲ್ಲ ಅವನ ಅವ್ವನ ವಯಸ್ಸಿನವರು. ಅವನ ಊರಿನಲ್ಲಿ ಅವನ ಅವ್ವನೂ ಇಂಥದ್ದೇ ಚಾಪೆಯ ಮೇಲೆ ಕೂತು ಕಂತು ಕಟ್ಟುತ್ತಿರುತ್ತಾಳೆ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿನಲ್ಲಿ ಇದೇ ಸುತ್ತಾಟ ಮಧ್ಯಾಹ್ನಕ್ಕೂ ಮುಂದುವರಿಯುತ್ತದೆ, ಬಾಕಿ ಉಳಿಸಿಕೊಂಡವರ ಮನೆ ಬಾಗಿಲಿಗೆ.

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಾಗ ಚರ್ಚೆಯೆಲ್ಲ ಸಾಲ ಪಡೆದವರ ಬಗ್ಗೆ ನಡೆಯಿತು. ನಡೆಯಬೇಕಾದದ್ದೇ. ಆದರೆ ಬಾಗಿಲಲ್ಲಿ ನಿಂತಿದ್ದ ಇಪ್ಪತ್ಮೂರು ವರ್ಷದ ಹುಡುಗನಿಗೆ ಒಂದು ಕಡೆ ಟಾರ್ಗೆಟ್, ಇನ್ನೊಂದು ಕಡೆ ಊರವರ ಬೈಗುಳ, ಈಗ ಪೊಲೀಸರ ಹೆದರಿಕೆಯೂ ಸೇರಿತು. ಇಲ್ಲಿ ಬಿಡುವವನಿಗೆ ಪರೀಕ್ಷೆಯ ನೆಪವೂ ಬೇಕಿಲ್ಲ. ಬೇರೆ ಕೆಲಸ ಸಿಗದಿದ್ದರೂ ಪರವಾಗಿಲ್ಲ, ಇದು ಸಾಕು ಎಂದು ಬಿಡುತ್ತಾನೆ. ಹೆಚ್ಚು ಪಗಾರದಿಂದ ಇದನ್ನು ಸರಿ ಮಾಡಲಾಗದು ಎಂದೇ ನನಗೆ ಅನಿಸುತ್ತದೆ.

ಹುಡುಗಿಯರ ವಿಷಯದಲ್ಲಿ ಕಾರಣ ಅನೇಕ ಸಲ ಗಡಿಯಾರ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಆಳಂದ, ಜೇವರ್ಗಿ, ಶಹಾಬಾದ್ ಕಡೆಯಿಂದ ದಿನಾ ಕಲಬುರಗಿಗೆ ಬಂದು ಕೆಲಸ ಮಾಡುವುದು ಸಾಧ್ಯವಾಯಿತು. ಮೊದಲು ಪಗಾರದ ಒಂದು ಪಾಲು ಬಸ್ಸಿಗೇ ಹೋಗುತ್ತಿತ್ತು, ಮನೆಯವರು "ಅಷ್ಟಕ್ಕ ಯಾಕ ಹೋಗ್ತಿ" ಅನ್ನುತ್ತಿದ್ದರು. ಆ ಮಾತು ನಿಂತಿತು. ಆದರೆ ಬಟ್ಟೆ ಅಂಗಡಿ ಮುಚ್ಚುವುದು ರಾತ್ರಿ ಎಂಟೂವರೆ, ಒಂಬತ್ತಕ್ಕೆ. ಏಳರ ಮೇಲೆ ಒಳಹಳ್ಳಿಗೆ ಬಸ್ಸು ಸಿಗುವುದು ಕಷ್ಟ. ಹಬ್ಬದ ಸೀಸನ್ನಿನಲ್ಲಿ ಮಾಲೀಕರು ಎರಡು ತಾಸು ಜಾಸ್ತಿ ನಿಲ್ಲಿಸಿಕೊಂಡರೆ ಆ ವಾರವೇ ಮನೆಯಲ್ಲಿ ಜಗಳ, ಮುಂದಿನ ವಾರ ಕೆಲಸಕ್ಕೆ ಬರುವುದಿಲ್ಲ. "ಮದುವೆ ಫಿಕ್ಸ್ ಆಗಿರ್ಬೇಕು" ಅಂತ ಮಾಲೀಕರು ಅಂದುಕೊಳ್ಳುತ್ತಾರೆ. ಕೆಲಸ ಬಿಡಲು ನಿಜವಾದ ಕಾರಣ ತಪ್ಪಿಹೋದ ಆರೂವರೆಯ ಬಸ್ಸು. ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಬೀದರಿನ ಪರಿಸ್ಥಿತಿ ಸ್ವಲ್ಪ ಬೇರೆ. ಹೈದರಾಬಾದ್ ಮೂರು ತಾಸಿನ ಹಾದಿ. ಶನಿವಾರ ಸಂಜೆ ಊರಿಗೆ, ಸೋಮವಾರ ನಸುಕಿಗೆ ವಾಪಸ್. ಹಾಗಾಗಿ ಅಲ್ಲಿ ಬಿಡುವ ಯೋಚನೆಗೆ ಒಂದು ನಿಜವಾದ ವಿಳಾಸ ಇದೆ. ಕಲಬುರಗಿ, ಯಾದಗಿರಿಯವರಿಗೆ ಬೆಂಗಳೂರು ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ. ಹೋದವರಲ್ಲಿ ಒಂದಷ್ಟು ಮಂದಿ ಎರಡು ವರ್ಷಕ್ಕೆ ತಿರುಗಿ ಬರುತ್ತಾರೆ, ಪಿಜಿ ಬಾಡಿಗೆ, ಅಪ್ಪನ ಆರೋಗ್ಯ, ಏನೋ ಒಂದು ಕಾರಣ. ಬಂದವರಿಗೆ ಇಲ್ಲಿನ ಪಗಾರ ಅರ್ಧ ಅನಿಸುತ್ತದೆ, ಇಲ್ಲಿನ ಮಾಲೀಕರಿಗೆ ಅವರ ಪ್ರಶ್ನೆಗಳು ಅಧಿಕಪ್ರಸಂಗ ಅನಿಸುತ್ತವೆ. ನೇಮಕಾತಿ ಪತ್ರ ಎಲ್ಲಿ, ಪೇ ಸ್ಲಿಪ್ ಎಲ್ಲಿ ಅಂತ ಕೇಳುವವರು ಸಾಮಾನ್ಯವಾಗಿ ಇವರೇ.

ಇನ್ನೊಂದು ಕಾರಣ ನಮ್ಮ ಭಾಗದ್ದೇ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಆಳು ಸಿಗುವುದಿಲ್ಲ, ಅಪ್ಪ ಫೋನ್ ಮಾಡುತ್ತಾನೆ, ಹುಡುಗ ಹೇಳದೆ ಕೇಳದೆ ಹತ್ತು ದಿನ ಊರಿಗೆ. ತಿರುಗಿ ಬಂದಾಗ ಆ ಜಾಗದಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಅಥವಾ ಬೈಸಿಕೊಳ್ಳುವ ಭಯಕ್ಕೆ ಇವನೇ ತಿರುಗಿ ಬರುವುದಿಲ್ಲ.

ನನಗೆ ಪರಿಚಯದ ಒಬ್ಬ ಟ್ರ್ಯಾಕ್ಟರ್ ಡೀಲರ್ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ನಿಯಮವನ್ನೇ ಬದಲಿಸಿದರು. ಸಹೃದಯಿ ಅಂತೇನಲ್ಲ, ಪಕ್ಕಾ ವ್ಯಾಪಾರಿ. ಸ್ಪೇರ್ ಪಾರ್ಟ್ಸ್ ಕೌಂಟರಿನ ಹುಡುಗ ಎಲ್ಲ ನಂಬರು ಬಾಯಿಪಾಠ ಮಾಡಿಕೊಳ್ಳಲು ಎಂಟು ತಿಂಗಳು ಬೇಕು, ಅವನು ಹೋದರೆ ಸೀಸನ್ನಿನಲ್ಲಿ ಗಿರಾಕಿ ಬೇರೆ ಕಡೆ ಹೋಗುತ್ತಾನೆ ಎಂಬುದು ಅವರ ಲೆಕ್ಕ. ಈಗ ಸೇರುವ ದಿನ ಒಂದು ಪುಟದ ಪತ್ರ ಕೊಡುತ್ತಾರೆ. ಅದರಲ್ಲಿ ಕೈಗೆ ಬರುವ ಪಗಾರ ಎಷ್ಟು ಅಂತ ಇದೆ, ಏಪ್ರಿಲಿನಲ್ಲಿ ಎಷ್ಟು ಏರುತ್ತದೆ ಅಂತ ಇದೆ. ರಾಶಿಗೆ ಎಂಟು ದಿನ ಸೂಟಿ, ಮೊದಲೇ ಹೇಳಿದರೆ. ಸರ್ಕಾರಿ ಪರೀಕ್ಷೆಯ ಮುಂಚೆ ಒಂದು ತಿಂಗಳು ಪಗಾರವಿಲ್ಲದ ರಜೆ, ತಿರುಗಿ ಬಂದರೆ ಜಾಗ ಹಾಗೇ ಇರುತ್ತದೆ. ಮೊದಲು ಪರೀಕ್ಷೆ ಅಂದರೆ ಹುಡುಗರು ಸುಳ್ಳು ಹೇಳಿ ಹೋಗುತ್ತಿದ್ದರು. ಈಗ ಹಾಲ್ ಟಿಕೆಟ್ ತೋರಿಸಿ ಹೋಗುತ್ತಾರೆ, ಬಹಳ ಮಂದಿ ವಾಪಸ್ಸೂ ಬರುತ್ತಾರೆ.

ಪಟ್ಟಿಯಲ್ಲಿ ಹೆಸರು ಬಂದವನು ಹೋಗಿಯೇ ಹೋಗುತ್ತಾನೆ, ಅದನ್ನು ಯಾವ ಪತ್ರವೂ ತಡೆಯಲಾರದು. ಡೀಲರಿಗೂ ಅದು ಗೊತ್ತು. ಆದರೆ ಒಂದು ಹುದ್ದೆಗೆ ನೂರಾರು ಮಂದಿ ಬರೆಯುವ ಕಡೆ ಹೆಸರು ಬರದೇ ಇರುವವರೇ ಜಾಸ್ತಿ. ಅವರು ತಿರುಗಿ ಬರಲು ಒಂದು ಜಾಗ ಇದೆಯೋ ಇಲ್ಲವೋ ಎಂಬುದನ್ನು ಕಲಬುರಗಿಯ ಉಳಿದ ಮಾಲೀಕರು ಇನ್ನೂ ತೀರ್ಮಾನಿಸಿಲ್ಲ.